ಚಿಕ್ಕಿಗೊಂದು ಮನೆ

ಎಂಟನೆಯ ತರಗತಿಯ ಕೊನೆಯ ಪಿರಿಯಡ್ಡು. ಪಾಠ ಮುಗಿದಿತ್ತು, ಗಂಟೆ ಬಾರಿಸಲು ಇನ್ನೂ ಐದು ನಿಮಿಷವಿತ್ತು. ಮಕ್ಕಳಿಗೊಂದು ಪ್ರಶ್ನೆ ಕೇಳಿದೆ: "ನನ್ನ ಕಡೆ ಒಂದು ಬೆಕ್ಕೈತಿ. ವಯಸ್ಸಾಗೈತಿ, ಕಣ್ಣು ಸರಿಯಾಗಿ ಕಾಣೂದಿಲ್ಲ. ಯಾರ ಮನಿಯಾಗರ ಇಟ್ಕೋತೀರೇನು?"

ಹನ್ನೊಂದು ಕೈಗಳು ಮೇಲೆದ್ದವು. ಘರ್ಷಣೆ ಎಂದರೇನು ಎಂದು ಕೇಳಿದರೆ ಎರಡಕ್ಕಿಂತ ಹೆಚ್ಚು ಕೈ ಏಳದ ತರಗತಿ ಅದು. ನನಗೆ ಹಿಗ್ಗೇ ಹಿಗ್ಗು. "ಮನ್ಯಾಗ ಕೇಳ್ಕೊಂಡು ಬರ್ರಿ" ಎಂದು ಕಳಿಸಿದೆ.

ಮರುದಿನ ಅದೇ ಪ್ರಶ್ನೆ ಕೇಳಿದಾಗ ಹನ್ನೊಂದು ಕೈಗಳೂ ಬೆಂಚಿನ ಕೆಳಗಿದ್ದವು. ಒಬ್ಬ ಹುಡುಗ ಎದ್ದು, "ಮರಿ ಇದ್ರ ತಗೊಂಡ್ ಬಾ ಅಂದ್ರಿ ಸರ್ ನಮ್ಮಪ್ಪ" ಎಂದ. ಇನ್ನೊಬ್ಬನ ಮನೆಯಲ್ಲಿ "ಇಲಿ ಹಿಡೀತೈತೇನು?" ಎಂದು ಕೇಳಿದ್ದರು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಸ್ವಲ್ಪ ತಡೆದು, "ಮನ್ಯಾಗ ಒಬ್ರು ಮುದುಕ್ರು ಇದ್ದದ್ದ ಸಾಕಾಗೈತಿ, ಇನ್ನೊಂದ್ ತರ್ತೀ ಏನು ಅಂದ್ಲ್ರಿ ನಮ್ಮವ್ವ" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹುಡುಗಿ ನಗಲಿಲ್ಲ ಎಂಬುದು ಸ್ಟಾಫ್ ರೂಮಿಗೆ ಬಂದು ಕುಳಿತ ಮೇಲೆ ನೆನಪಾಯಿತು.

ಬೆಕ್ಕಿನ ಹೆಸರು ಚಿಕ್ಕಿ. ಕಪ್ಪು ಮೈ, ಹಣೆಯ ಮೇಲೆ ಒಂದು ಬಿಳಿಯ ಬೊಟ್ಟು. ಹೆಸರಿಟ್ಟವರು ಇಳಕಲ್ಲಿನಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿದ್ದ ಒಬ್ಬ ಮುದುಕಿ. ಓಣಿಯವರೆಲ್ಲ ಅವರನ್ನು ಮಗ್ಗದವ್ವ ಎಂದೇ ಕರೆಯುತ್ತಿದ್ದರು. ಚಿಕ್ಕಿ ಪರಾಸ ದಡಿಯ ಸೀರೆ ನೇಯುವವರ ಮನೆಯಲ್ಲಿ ಬೆಕ್ಕಿಗೆ ಇನ್ನಾವ ಹೆಸರು ಬರಬೇಕು? ಕುಣಿಮಗ್ಗದ ಮನೆಗೆ ಬೆಕ್ಕೆಂದರೆ ಬರಿಯ ಮುದ್ದಿನ ಪ್ರಾಣಿಯಲ್ಲ. ಹಾಸಿನ ನೂಲಿಗೆ ಗಂಜಿ ಕುಡಿಸಿರುತ್ತಾರೆ. ಗಂಜಿ ಎಂದರೆ ಹಿಟ್ಟು, ಹಿಟ್ಟಿದ್ದಲ್ಲಿ ಇಲಿ. ರಾತ್ರಿ ಒಂದು ಇಲಿ ಮಗ್ಗದ ಮೇಲೆ ಹತ್ತಿ ಇಳಿದರೆ ಎರಡು ದಿನದ ಕೂಲಿ ಹೋದ ಹಾಗೆ. ಹತ್ತು ವರ್ಷ ಚಿಕ್ಕಿ ಆ ಹಾಸನ್ನು ಕಾದಿದೆ. ಮಗ್ಗದವ್ವನ ಮನೆಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಹಾಲು, ರೊಟ್ಟಿ. ಅದು ತಾನಾಗಿ ಸಂಪಾದಿಸುತ್ತಿದ್ದದ್ದು ಇಲಿ.

ಮೊಣಕಾಲು ಹಿಡಿದು ಮಗ್ಗದವ್ವನಿಗೆ ಕುಣಿಯಲ್ಲಿ ಇಳಿದು ಕೂರಲಾಗದೆ ಮಗ್ಗ ನಿಂತಿತು. ಮಗ ಬೆಂಗಳೂರಿನಲ್ಲಿ. 2024ರ ಮೇ ತಿಂಗಳಲ್ಲಿ ಬಂದು ತಾಯಿಯನ್ನು ಕರೆದೊಯ್ದ, ಒಳ್ಳೆಯ ಹುಡುಗ. ಅವನದು ಮೂರನೆಯ ಮಹಡಿಯ ಬಾಡಿಗೆ ಮನೆ, ಪ್ರಾಣಿ ಸಾಕಬಾರದೆಂದು ಮಾಲಕರು ಮೊದಲೇ ಹೇಳಿದ್ದಾರೆ. ಹೊರಡುವ ಹಿಂದಿನ ರಾತ್ರಿ ಮಗ್ಗದವ್ವ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಮಾಸ್ತರ, ನೀವು ಸಾಲ್ಯಾಗ ಪ್ರಾಣಿಗಳ ಪಾಠ ಹೇಳ್ತೀರಲ್ಲ, ಇದಕ್ಕೊಂದು ಮನಿ ನೋಡಿಕೊಡ್ರಿ. ಬೀದಿಗೆ ಬಿಡಬ್ಯಾಡ್ರಿ."

ಆಯ್ತವ್ವಾರ ಎಂದೆ. ಅನ್ನುವುದು ಸುಲಭ.

ನಾನೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿಗೆ ಆಸ್ತಮಾ. ಬೆಕ್ಕಿನ ಕೂದಲಿನಿಂದ ದಮ್ಮು ಬರುತ್ತದೆ ಎಂದು ಜನ ಹೇಳುತ್ತಾರೆ. ನಿಜವಾಗಿ ಅದಕ್ಕೆ ಮುಖ್ಯ ಕಾರಣ ಫೆಲ್ ಡಿ 1 ಎಂಬ ಒಂದು ಪ್ರೋಟೀನು. ಅದು ಬೆಕ್ಕಿನ ಜೊಲ್ಲಿನಲ್ಲೂ ಚರ್ಮದ ಗ್ರಂಥಿಗಳಲ್ಲೂ ಇರುತ್ತದೆ. ಬೆಕ್ಕು ಮೈ ನೆಕ್ಕಿಕೊಂಡಾಗ ಕೂದಲಿಗೆ ಅಂಟುತ್ತದೆ, ಒಣಗಿ ಗಾಳಿಗೆ ಸೇರುತ್ತದೆ. ಕೂದಲು ಗುಡಿಸಿದರೆ ಹೋಗುವಂಥದ್ದಲ್ಲ. ಇದನ್ನು ಹೆಂಡತಿಗೆ ವಿವರಿಸಿದೆ. "ಜೊಲ್ಲೋ ಕೂದಲೋ, ನನಗ ಉಸಿರಾಡಾಕ ಬಂದ್ರ ಸಾಕು" ಎಂದಳು. ಆದರೂ ಪಾಪ, ಹಿತ್ತಲಿನ ಕಟ್ಟಿಗೆ ಕೋಣೆಯನ್ನು ತಾನೇ ಖಾಲಿ ಮಾಡಿಸಿಕೊಟ್ಟಳು. ಮನೆ ಸಿಗುವವರೆಗೆ ಎಂಬ ಕರಾರಿನ ಮೇಲೆ.

ಮೊದಲ ವಾರದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಬಟ್ಟಲು ಹಳೆಯ ಜಾಗದಲ್ಲಿದ್ದರೆ ಚಿಕ್ಕಿ ನೆಟ್ಟಗೆ ಹೋಗುತ್ತಿತ್ತು. ಒಂದು ಮೊಳ ಸರಿಸಿಟ್ಟರೆ ಮೂಸುತ್ತಾ ಹುಡುಕುತ್ತಿತ್ತು. ಹುನಗುಂದದ ಪಶುವೈದ್ಯರ ಬಳಿಗೆ ಒಯ್ದೆ. ಅವರು ಬಾಯಿ ತೆರೆದು ನೋಡಿದರು: ಮೇಲಿನ ಎರಡೂ ಕೋರೆಹಲ್ಲುಗಳಿಲ್ಲ. ಕಣ್ಣಿಗೆ ಟಾರ್ಚು ಬಿಟ್ಟರು. ಪಾಪೆ ದೊಡ್ಡದಾಗಿಯೇ ಉಳಿಯಿತು, ಬೆಳಕಿಗೆ ಬೇಗ ಕಿರಿದಾಗಲಿಲ್ಲ. "ಹದಿಮೂರರ ಸುತ್ತಮುತ್ತ ವಯಸ್ಸು ಇರಬಹುದು. ಏನ್ ತಿಂತೈತಿ?" ಎಂದರು. ಹಾಲು, ರೊಟ್ಟಿ, ಮೊಸರನ್ನ ಎಂದೆ. "ಮಾಸ್ತರ, ಬೆಕ್ಕನ್ನ ಮಠಕ್ಕ ಸೇರಿಸೀರೇನು?" ಎಂದು ನಕ್ಕರು.

ಆಮೇಲೆ ಅವರು ಹೇಳಿದ್ದನ್ನು ನಾನು ಮೂವತ್ತು ವರ್ಷ ಪಾಠ ಹೇಳಿಯೂ ಸರಿಯಾಗಿ ಅರಿತಿರಲಿಲ್ಲ. ಟಾರಿನ್ ಎಂಬ ಒಂದು ವಸ್ತುವಿದೆ. 1827ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಅದನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಟಾರಸ್ ಎಂದರೆ ಗೂಳಿ. ಹೆಸರು ಅಲ್ಲಿಂದ ಬಂತು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಾಯಿಯದೂ ಬಹುಮಟ್ಟಿಗೆ ಹಾಗೆಯೇ. ಬೆಕ್ಕಿಗೆ ಸಾಲುವಷ್ಟು ತಯಾರಿಸುವ ಶಕ್ತಿ ಇಲ್ಲ. ಮಾಂಸ, ಮೀನುಗಳಿಂದಲೇ ಬರಬೇಕು. ಕಣ್ಣಿನ ಅಕ್ಷಿಪಟಕ್ಕೆ, ಹೃದಯದ ಸ್ನಾಯುವಿಗೆ ಅದು ಬೇಕೇ ಬೇಕು. 1975ರಲ್ಲಿ ಅಮೆರಿಕದ ಸಂಶೋಧಕರು ಬೆಕ್ಕುಗಳಿಗೆ ಹಾಲಿನ ಪ್ರೋಟೀನಾದ ಕೇಸಿನ್ ಒಂದನ್ನೇ ಪ್ರೋಟೀನಾಗಿ ಕೊಟ್ಟು ನೋಡಿದರು, ಅಕ್ಷಿಪಟ ಕ್ಷಯಿಸಿತು. ಕಾರಣ ಟಾರಿನ್ನಿನ ಕೊರತೆ. 1987ರಲ್ಲಿ ಅದರ ಕೊರತೆಯಿಂದ ಬೆಕ್ಕಿನ ಹೃದಯವೂ ದುರ್ಬಲವಾಗುತ್ತದೆ ಎಂದು ತಿಳಿಯಿತು.

ಚಿಕ್ಕಿಯ ಕಥೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿದೆ. ಹಲ್ಲಿದ್ದಷ್ಟು ದಿನ ಅದು ಇಲಿ ತಿಂದು ತನಗೆ ಬೇಕಾದ್ದನ್ನು ಪಡೆಯಿತು. ಮಗ್ಗದವ್ವನ ಹಾಲು ರೊಟ್ಟಿ ಮೇಲಿನ ಪ್ರೀತಿ, ಅಷ್ಟೇ. ಹಲ್ಲು ಬಿದ್ದವು, ಬೇಟೆ ನಿಂತಿತು, ಪ್ರೀತಿಯೊಂದೇ ಊಟವಾಯಿತು. ಕಣ್ಣು ಮಂಜಾಗುತ್ತ ಬಂದಂತೆ ಬೇಟೆ ಇನ್ನೂ ದೂರವಾಯಿತು. ಮುಪ್ಪಿನ ಬೆಕ್ಕಿಗೆ ಮೂತ್ರಪಿಂಡದ ತೊಂದರೆ, ರಕ್ತದೊತ್ತಡಗಳಿಂದಲೂ ಕಣ್ಣು ಹೋಗುವುದುಂಟೆಂದು ವೈದ್ಯರು ಎಚ್ಚರಿಸಿದರು. ಒಂದೇ ಕಾರಣ ಎನ್ನಲಾಗದು. "ಹೋದ ನೋಟ ಬರೂದಿಲ್ಲ. ಇದ್ದದ್ದು ಉಳೀಬೇಕಂದ್ರ ಮೀನು ಇಲ್ಲಾ ಮಾಂಸ ಹಾಕ್ರಿ" ಎಂದು ಹೇಳಿ, ರೇಬೀಸಿನ ಲಸಿಕೆ ಹಾಕಿ ಕಳಿಸಿದರು.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಎಂಬತ್ತು ದಾಟಿದ ತಾಯಿ ಇದ್ದಾರೆ. ಬಾಗಲಕೋಟೆಯಿಂದ ಬೆಕ್ಕಿನ ಆಹಾರದ ಒಂದು ಪೊಟ್ಟಣ ತರಿಸಿದೆ. "ಇದರಾಗ ಏನೈತಿ?" ಎಂದು ತಾಯಿ ಕೇಳಿದರು. ಅಚ್ಚುಹಾಕಿದ್ದನ್ನು ಓದಿ ಹೇಳಿದೆ. ಅವರು ಏನೂ ಅನ್ನದೆ ಎದ್ದು ಹಿತ್ತಲ ಕಡೆಯ ಬಾಗಿಲು ಮುಚ್ಚಿಕೊಂಡರು. ಆ ಬಾಗಿಲು ಆಮೇಲೆ ತೆರೆಯಲಿಲ್ಲ. ನಾನು ಓಣಿಯಿಂದ ಸುತ್ತು ಹಾಕಿ ಹಿತ್ತಲಿಗೆ ಹೋಗುವುದು ರೂಢಿಯಾಯಿತು.

ಇಷ್ಟು ಹೊತ್ತಿಗೆ ನನಗೆ ಹಳೆಯದೊಂದು ನೆನಪು ಕಾಡತೊಡಗಿತ್ತು. ಅದನ್ನು ಹೇಳದಿದ್ದರೆ ಒಂದು ಬೆಕ್ಕಿಗಾಗಿ ನಾಲ್ಕು ಊರು ಏಕೆ ತಿರುಗಿದೆ ಎಂಬುದು ಯಾರಿಗೂ ಅರ್ಥವಾಗಲಿಕ್ಕಿಲ್ಲ.

ನಾನು ಹುಟ್ಟಿದ್ದು ಹಳೆ ಬಾಗಲಕೋಟೆಯಲ್ಲಿ, ಘಟಪ್ರಭಾ ನದಿಗೆ ಇಳಿಯುವ ತಗ್ಗಿನ ಓಣಿಯಲ್ಲಿ. ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಲು 2000ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಅದಕ್ಕೂ ಮುಂಚಿನಿಂದಲೇ ನೋಟೀಸು, ಅಳತೆ, ಪರಿಹಾರದ ಮಾತುಗಳಲ್ಲಿ ಊರು ಬೇಯುತ್ತಿತ್ತು. ಜನ ಬಾಗಿಲು, ಚೌಕಟ್ಟು, ತೊಲೆ, ಜಂತೆಗಳನ್ನೂ ಕಿತ್ತು ಹೇರಿಕೊಂಡು ನವನಗರಕ್ಕೆ ಹೊರಟರು. ನಾವು ಹೊರಟದ್ದು 2001ರಲ್ಲಿ. ಮನೆಯಲ್ಲಿ ಬೂದಿ ಬಣ್ಣದ ಒಂದು ಬೆಕ್ಕಿತ್ತು. ಗೋಣಿಚೀಲದಲ್ಲಿ ಹಾಕಿ, ಟ್ರ್ಯಾಕ್ಟರಿನ ಮೇಲೆ ಪಾತ್ರೆಗಳ ನಡುವೆ ಇಟ್ಟು ಒಯ್ದೆವು. ಹೊಸ ಮನೆಯಲ್ಲಿ ಚೀಲ ಬಿಚ್ಚಿ ಬಿಟ್ಟೆವು. ಮೂರನೆಯ ದಿನಕ್ಕೆ ಕಾಣೆ.

ವಾರದ ನಂತರ ಉಳಿದ ಕಟ್ಟಿಗೆ ತರಲು ಹಳೆ ಮನೆಗೆ ಹೋದೆ. ಮಾಡಿಲ್ಲದ ಗೋಡೆಯ ಮೇಲೆ, ಅಡುಗೆಮನೆಯ ನೆತ್ತಿಯ ಜಾಗದಲ್ಲಿ, ಬೂದಿ ಕುಳಿತಿತ್ತು. ಕರೆದೆ. ನೋಡಿತು, ಕೂಗಿತು, ಇಳಿಯಲಿಲ್ಲ. ಗಾಡಿಯವನು ಅವಸರ ಮಾಡುತ್ತಿದ್ದ. ನಾಳೆ ಬಂದರಾಯಿತು ಎಂದು ಹೊರಟೆ. ನಾಳೆ ಶಾಲೆಯಿತ್ತು, ನಾಡಿದ್ದು ಇನ್ನೇನೋ ಇತ್ತು. ಮುಂದೆ ನೀರು ಬಂತು.

ಆಗ ನನಗೆ ಮೂವತ್ತು, ಬಿ.ಎಸ್ಸಿ., ಬಿ.ಎಡ್. ಆಗಿ ನೌಕರಿಯಲ್ಲಿದ್ದೆ. ಬೆಕ್ಕು ಮನುಷ್ಯನಷ್ಟೇ ಜಾಗವನ್ನೂ ಹಚ್ಚಿಕೊಳ್ಳುತ್ತದೆ, ಕೆನ್ನೆಯಲ್ಲಿರುವ ಗ್ರಂಥಿಗಳಿಂದ ಬಾಗಿಲಿಗೆ, ಕಂಬಕ್ಕೆ, ಮಂಚದ ಕಾಲಿಗೆ ತನ್ನ ವಾಸನೆ ತೀಡಿಟ್ಟು ಇದು ನನ್ನದು ಎಂದು ಗುರುತಿಡುತ್ತದೆ ಎಂಬುದನ್ನು ಓದಿದ್ದೆ. ಹೊಸ ಜಾಗದಲ್ಲಿ ಮೂರು ನಾಲ್ಕು ವಾರ ಒಂದೇ ಕೋಣೆಯಲ್ಲಿಟ್ಟು, ಹಳೆಯ ಹಾಸಿಗೆಯ ತುಂಡೊಂದನ್ನು ಜೊತೆಗಿಟ್ಟರೆ ಅದು ಒಗ್ಗಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕಿತ್ತು. ಊರಿಗೆ ಊರೇ ಏಳುವಾಗ ಬೆಕ್ಕಿನ ಹಾಸಿಗೆಯ ಬಗ್ಗೆ ಯಾರು ಯೋಚಿಸುತ್ತಾರೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು.

ಇರಲಿ. ಈ ಸಲ ಮನೆಯನ್ನು ಮೊದಲು ನಾನೇ ಕಣ್ಣಾರೆ ನೋಡಬೇಕು, ಬೆಕ್ಕನ್ನು ಆಮೇಲೆ ಒಯ್ಯಬೇಕು ಎಂದು ನಿಶ್ಚಯಿಸಿದೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ನೌಕರಿ ನನ್ನನ್ನೂ ಬಾಗಲಕೋಟೆ, ಬಾದಾಮಿ, ಹುನಗುಂದ ಎಂದು ತಿರುಗಿಸಿ ಇಳಕಲ್ಲಿಗೆ ತಂದು ಹಾಕಿದೆ. ಹೋದಲ್ಲೆಲ್ಲ ನಾಲ್ಕು ಪರಿಚಯದ ಮನೆಗಳಿವೆ.

ಹುನಗುಂದದಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಒಬ್ಬ ಗೆಳೆಯರಿದ್ದಾರೆ. ಜೋಳ, ಕಡಲೆಗಳ ಚೀಲ ತುಂಬಿದ ಗೋದಾಮು. ಬೆಕ್ಕೆಂದ ಕೂಡಲೇ ಖುಷಿಪಟ್ಟರು, ಹಲ್ಲಿಲ್ಲವೆಂದ ಕೂಡಲೇ ಸಪ್ಪಗಾದರು. "ಪಗಾರ ಕೊಟ್ಟು ಪೆನ್ಶನ್‌ದಾರನ್ನ ಇಟ್ಕೋ ಅಂತೀರಲ್ರೀ" ಎಂದರು. ಅವರದೇನೂ ತಪ್ಪಲ್ಲ. ಮನುಷ್ಯನೂ ಬೆಕ್ಕೂ ಕೂಡಿಕೊಂಡದ್ದೇ ಈ ಕರಾರಿನ ಮೇಲೆ. ಬೇಸಾಯ ಶುರುವಾಯಿತು, ಕಾಳು ಕೂಡಿಟ್ಟರು, ಇಲಿ ಬಂತು, ಇಲಿಯ ಹಿಂದೆ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷದ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದು ಸಿಕ್ಕಿದೆ. ಫ್ರಾನ್ಸಿನ ಪುರಾತತ್ವಜ್ಞರು 2004ರಲ್ಲಿ ಅದನ್ನು ಪ್ರಕಟಿಸಿದರು. ಇಷ್ಟು ಹಳೆಯ ನಂಟು ಎಂದು ಗೆಳೆಯರ ಮನಸ್ಸು ಕರಗಿಸಲು ನೋಡಿದೆ. "ಆ ಬೆಕ್ಕಿಗೆ ಎಷ್ಟು ವಯಸ್ಸಿತ್ತು?" ಎಂದು ಕೇಳಿದರು. ಎಂಟು ತಿಂಗಳು ಎಂದೆ. "ನೋಡ್ರಿ ಮತ್ತ" ಎಂದು ಚಹಾ ತರಿಸಿದರು.

ಬಾದಾಮಿಯಲ್ಲಿ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಗುಹೆಗಳ ಗುಡ್ಡದ ಕೆಳಗಿನ ಓಣಿಯಲ್ಲಿ ಒಬ್ಬರೇ ಇದ್ದಾರೆ. ನನಗಿಂತ ಹಿರಿಯರು, ಸಲಿಗೆಯಿಂದ ಏಕವಚನದಲ್ಲೇ ಮಾತನಾಡಿಸುತ್ತಾರೆ. "ತಗೊಂಡ್ ಬಾರೋ, ಹಾಲು ತುಪ್ಪ ಹಾಕಿ ಸಾಕತೀನಿ" ಎಂದು ಫೋನಿನಲ್ಲೇ ಒಪ್ಪಿದ್ದರು. ರವಿವಾರ ಹೋದೆ. ಮಾಳಿಗೆಯ ಮೇಲೆ ಕುಳಿತು ಚುರಮುರಿ ತಿನ್ನುತ್ತಿದ್ದೆವು. ಗೋಡೆ ಹಾರಿ ಬಂದ ಮಂಗವೊಂದು ನನ್ನ ಕೈಯೊಳಗಿನ ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಬಾದಾಮಿ ಕಂಡವರಿಗೆ ಅಲ್ಲಿಯ ಮಂಗಗಳ ಬಗ್ಗೆ ಹೇಳಬೇಕಾಗಿಲ್ಲ. "ಇಲ್ಲಿ ನಾವು ಜಾಳಿಗಿ ಒಳಗ, ಅವು ಹೊರಗ" ಎಂದು ಅವರು ನಕ್ಕರು. ಕಿಟಕಿ, ಅಂಗಳ, ಬಚ್ಚಲಿಗೂ ಕಬ್ಬಿಣದ ಜಾಳಿಗೆ ಹೊಡೆಸಿದ್ದರು. ಕಣ್ಣು ಕಾಣದ ಚಿಕ್ಕಿ ಈ ಮಾಳಿಗೆಯ ಮೇಲೆ ಬಿಸಿಲು ಕಾಯಿಸುವುದನ್ನು ಊಹಿಸಿಕೊಂಡೆ. ಮೇಲಾಗಿ ಹಾಲು ತುಪ್ಪದ ಮಾತು ಬೇರೆ ಬಂದಿತ್ತು. ಟಾರಿನ್ನಿನ ಪಾಠ ಹೇಳಿದೆ. ಅವರ ಮುಖ ಬಾಡಿತು. ಒಬ್ಬಂಟಿ ಜೀವ, ಬೆಕ್ಕಿಗೆ ಅವರು ಬೇಕಿದ್ದರೋ, ಅವರಿಗೇ ಬೆಕ್ಕು ಬೇಕಿತ್ತೋ. ಇಲ್ಲವೆಂದು ಬರುವುದು ಹುನಗುಂದದಲ್ಲಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಮನೆ ಸಿಕ್ಕದ್ದು, ನಾನು ಹುಡುಕಲು ಹೋಗಬಾರದೆಂದು ಒಳಗೊಳಗೇ ಅಂದುಕೊಂಡಿದ್ದ ಜಾಗದಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿನ್ನೀರಿನಲ್ಲಿ ಮೀನು ಹಿಡಿದು ಮಾರುತ್ತಾನೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಎರಡು ಸಲ ಫೇಲಾದವನು, ನನಗೆ ಈಗಲೂ ನಮಸ್ಕಾರ ಮಾಡುತ್ತಾನೆ. ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಮಾತಿಗೆ ಮಾತು ಬಂದು ಬೆಕ್ಕಿನ ವಿಷಯ ಹೇಳಿದೆ. "ನಮ್ಮವ್ವಗ ಕೇಳೂಣ ಬರ್ರಿ ಸರ್" ಎಂದು ಮನೆಗೆ ಕರೆದೊಯ್ದ. ಹಳೆ ಬಾಗಲಕೋಟೆಯಲ್ಲಿ ಇನ್ನೂ ಉಳಿದಿರುವ ತಗ್ಗಿನ ಭಾಗ. ಬಾಗಿಲಲ್ಲಿ ನಿಂತರೆ ನೀರು ಕಾಣುತ್ತದೆ. ಆ ನೀರಿನ ಕೆಳಗೆ ಎಲ್ಲೋ ನಮ್ಮ ಅಡುಗೆಮನೆ.

ಅವನ ತಾಯಿ ಬಲೆ ಹೊಲಿಯುತ್ತಿದ್ದರು. ಪಕ್ಕದಲ್ಲಿ ಆಗಲೇ ಎರಡು ಬೆಕ್ಕುಗಳು. ನಾನು ಉದ್ದಕ್ಕೂ ಹೇಳಿದ್ದನ್ನು ಕೇಳಿಸಿಕೊಂಡು, "ಮುಳ್ಳು ತಗದು ಕುದಿಸಿ ಹಾಕಬೇಕು, ಹಲ್ಲಿಲ್ಲಲ್ಲ" ಎಂದರು. ಹಸಿ ಮೀನನ್ನೇ ದಿನಾ ಹಾಕಬಾರದು, ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಕೆಡಿಸುವ ಅಂಶವಿದೆ, ಬೇಯಿಸಿದರೆ ಅದು ಹೋಗುತ್ತದೆ ಎಂದು ನಾನು ಹೇಳಬೇಕೆಂದಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ. ಕುದಿಸಿದ ನೀರನ್ನು ಚೆಲ್ಲದೆ ಹಾಕ್ರಿ ಎಂದಷ್ಟೇ ಅಂದೆ. ಟಾರಿನ್ ನೀರಿಗೆ ಇಳಿಯುತ್ತದೆ.

ಆದರೂ ಒಂದು ಅಳುಕಿತ್ತು, ಕೇಳಿಯೇಬಿಟ್ಟೆ. ಕೃಷ್ಣಾ ನ್ಯಾಯಮಂಡಳಿಯು 2010ರಲ್ಲಿ ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿದೆ. ಏರಿಸಿದರೆ ಈ ಓಣಿಗಳೂ ಏಳಬೇಕು. ಶಾಶ್ವತವಾದ ಮನೆ ಹುಡುಕುತ್ತ ಬಂದವನು ನಾನು. "ನಾಳೆ ನೀವೂ ಎದ್ದು ಹೋಗೂ ಪ್ರಸಂಗ ಬಂದ್ರ?"

ಆಕೆ ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. "ಬಂದ್ರ ಹೋಗೂದರಿ. ಎಲ್ಲಾ ಗಂಟು ಕಟ್ಟೂ ಮುಂದ ಇದನ್ನೂ ಕಟ್ಟೀವಿ. ಬಿಟ್ಟು ಹೋಗ್ತೀವೇನು?"

ನಾನು ನೀರಿನ ಕಡೆ ನೋಡಿದೆ.

ಜುಲೈಯ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮುಚ್ಚಳದ ಬುಟ್ಟಿಯಲ್ಲಿ ಚಿಕ್ಕಿಯನ್ನು ಕೂರಿಸಿ, ಕೆಳಗೆ ಮಗ್ಗದವ್ವನ ಹಳೆಯ ಸೀರೆಯ ತುಂಡು ಹಾಸಿ ಬಸ್ಸು ಹತ್ತಿದೆ. ಆ ತುಂಡನ್ನು ಎರಡು ತಿಂಗಳೂ ಒಗೆದಿರಲಿಲ್ಲ. ಬುಟ್ಟಿಯೊಳಗಿಂದ ಕೂಗು ಕೇಳಿ ಕಂಡಕ್ಟರರು ಬಂದರು. ಬೆಕ್ಕು ಎಂದೆ. "ಗಂಡೋ ಹೆಣ್ಣೋ?" ಹೆಣ್ಣು ಎಂದೆ. "ಹಂಗಾರ ಶಕ್ತಿ ಯೋಜನಾದಾಗ ಫ್ರೀ ಐತಿ, ಆಧಾರ್ ಕಾರ್ಡ್ ತೋರಸ್ರಿ" ಎಂದರು. ಬಸ್ಸೆಲ್ಲ ನಕ್ಕಿತು. ಅಮೀನಗಡ ದಾಟುವ ಹೊತ್ತಿಗೆ ಚಿಕ್ಕಿ ಕೂಗುವುದನ್ನು ಬಿಟ್ಟು ಮಲಗಿತ್ತು. ಮೂರನೆಯ ಬೆಂಚಿನ ಹುಡುಗಿ ಅದಕ್ಕೆಂದು ಕೊಟ್ಟಿದ್ದ ರಬ್ಬರಿನ ಚೆಂಡು ನನ್ನ ಜೇಬಿನಲ್ಲಿತ್ತು. ಅವರ ಅಜ್ಜಿಗೆ ಹೇಗಿದೆಯೆಂದು ಅಂದು ಬೆಳಿಗ್ಗೆ ಕೇಳಿದ್ದೆ. "ಬಿಸಿಲಿಗೆ ಕುಂತಿರ್ತಾಳ್ರಿ" ಎಂದಿದ್ದಳು.

ಆ ಮನೆಯಲ್ಲಿ ಬಲೆ ಇಡುವ ಸಣ್ಣ ಕೋಣೆಯಲ್ಲಿ ನಾಲ್ಕು ವಾರ ಅದನ್ನಿಟ್ಟರು. ಬಟ್ಟಲನ್ನು ಒಂದೇ ಜಾಗದಲ್ಲಿ ಇಡಿ ಎಂದು ಹೇಳಿದ್ದೆ. ನೆಲಕ್ಕೆ ಸುಣ್ಣದ ಗೆರೆ ಹಾಕಿ ಇಟ್ಟಿದ್ದರು. ನಾಲ್ಕು ರವಿವಾರವೂ ಹೋಗಿ ನೋಡಿ ಬಂದೆ. ಮೊದಲ ವಾರ ಸೀರೆಯ ತುಂಡು ಬಿಟ್ಟು ಏಳಲಿಲ್ಲ. ಎರಡನೆಯ ವಾರ ಬಲೆಯ ರಾಶಿಗೆ ಕೆನ್ನೆ ತೀಡುವುದನ್ನು ಕಂಡೆ. ನಾಲ್ಕನೆಯ ವಾರ ಬಾಗಿಲು ತೆರೆದಿಟ್ಟರು. ಹೊಸ್ತಿಲವರೆಗೆ ಬಂದು, ನೀರಿನ ಕಡೆಗೆ ಮೂಗೆತ್ತಿ, ತಿರುಗಿ ಒಳಗೆ ಹೋಗಿ ಮಲಗಿತು.

ಅಂದು ಸಂಜೆ ಬೆಂಗಳೂರಿಗೆ ಫೋನು ಮಾಡಿದೆ. ಎರಡು ತಿಂಗಳಿಂದ ಮಗ್ಗದವ್ವ ವಾರಕ್ಕೊಮ್ಮೆ ಕೇಳುತ್ತಲೇ ಇದ್ದರು, ನಾನು "ನೋಡಾಕತ್ತೀನವ್ವಾರ" ಎನ್ನುತ್ತಲೇ ಇದ್ದೆ. ಒಯ್ದು ಬಿಟ್ಟದ್ದನ್ನು ಅದು ಒಗ್ಗುವವರೆಗೆ ಹೇಳಿರಲಿಲ್ಲ. ಈಗ ಮನೆಯ ವಿವರ ಹೇಳಿದೆ. ನೀರು, ಗಾಳಿ, ಬಿಸಿಲು ಎಲ್ಲವನ್ನೂ ಹೇಳಿದೆ. ಬೆಕ್ಕಿನ ಮೈ ಹೇಗಿದೆ ಎಂದರು. ತುಂಬಿಕೊಂಡಿದೆ ಎಂದೆ.

"ಉಣ್ಣಾಕ ಏನ್ ಹಾಕ್ತಾರ?"

ಇದನ್ನು ಕೇಳುತ್ತಾರೆಂದು ಗೊತ್ತಿತ್ತು. ಮಗ್ಗದವ್ವ ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ. ಹಾಲು ರೊಟ್ಟಿ ಎನ್ನಬಹುದಿತ್ತು; ಬೆಂಗಳೂರಿನಿಂದ ಬಂದು ಯಾರು ನೋಡುತ್ತಾರೆ? "ಮೀನು ಹಾಕ್ತಾರ್ರೀ ಅವ್ವಾರ" ಎಂದೆ.

ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. ಮೂರನೆಯ ಮಹಡಿಯ ಕೆಳಗೆ ಹಾದು ಹೋಗುವ ಗಾಡಿಗಳ ಸದ್ದು ಮಾತ್ರ ಕೇಳುತ್ತಿತ್ತು. ಫೋನು ಇಟ್ಟುಬಿಟ್ಟರೇನೋ ಎಂದುಕೊಂಡೆ.

"ಮಾಸ್ತರ" ಎಂದರು ಕೊನೆಗೆ. "ಖಾರ ಹಾಕಬ್ಯಾಡ ಅನ್ರಿ ಅವರಿಗೆ. ಅದಕ್ಕ ಆಗೂದಿಲ್ಲ."